ಅಕ್ಕನನ್ನು ಕರೆತರಲು ಭೂತಾನಿಗೆ ಹೋದಾಗ

ಭೂತಾನಿಗೆ ಹೋಗಿ ಬಂದೆ ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ ಪ್ರಶ್ನೆ. "ಟೈಗರ್ಸ್ ನೆಸ್ಟ್ ಹತ್ತಿದ್ರಾ?" ಇಲ್ಲ. ಪಾರೋ ನೋಡಿಲ್ಲ, ಥಿಂಪು ನೋಡಿಲ್ಲ. ನಾನು ಹೋಗಿದ್ದು ಆ ದೇಶದ ಪೂರ್ವದ ಅಂಚಿಗೆ, ಟ್ರಾಶಿಗಾಂಗ್ ಜಿಲ್ಲೆಯ ಕಾಂಗ್ಲುಂಗ್ ಹತ್ತಿರದ ಒಂದು ಶಾಲೆಗೆ. ನಿಜ ಹೇಳಬೇಕೆಂದರೆ ಅದು ಪ್ರವಾಸವೂ ಅಲ್ಲ. ಅಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿರುವ ಅಕ್ಕನನ್ನು ವಾಪಸ್ ಕರಕೊಂಡು ಬರಬೇಕು ಅಂತ ಹೋಗಿದ್ದು.

ಕಳೆದ ಸೆಪ್ಟೆಂಬರಿನಲ್ಲಿ ಅಪ್ಪ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಬಚ್ಚಲಲ್ಲಿ ಜಾರಿ ಬಿದ್ದರು. ಎಡಗೈ ಮಣಿಕಟ್ಟು ಮುರಿಯಿತು. ಅಮ್ಮ ಹೋಗಿ ನಾಲ್ಕು ವರ್ಷವಾಗಿದೆ. ಬೆಳಿಗ್ಗೆ ಅಡುಗೆ ಮಾಡಿಕೊಟ್ಟು ಹೋಗುವ ಹೆಂಗಸು ಬರುವವರೆಗೆ ಒಂದು ಗಂಟೆ ಹಾಗೇ ಗೋಡೆಗೆ ಒರಗಿ ಕೂತಿದ್ದರಂತೆ. ನಾನು ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಓಡಿದೆ. ಅಕ್ಕ ವಿಡಿಯೋ ಕಾಲ್‌ನಲ್ಲಿ ಅತ್ತಳು. ಅತ್ತು, ಮೂಗು ಒರೆಸಿಕೊಂಡು, "ನನ್ನ ಕಾಂಟ್ರಾಕ್ಟ್ ಡಿಸೆಂಬರಿಗೆ ಮುಗಿಯತ್ತೆ ಕಣೋ. ಮುಂದುವರಿಸ್ತೀರಾ ಅಂತ ಕೇಳಿದಾರೆ. ಹೂಂ ಅನ್ನೋಣ ಅಂತಿದೀನಿ" ಅಂದಳು.

ನನಗೆ ಸಿಟ್ಟು ಬಂತು. ದಸರಾ ರಜೆಗೆ ಟಿಕೆಟ್ ಬುಕ್ ಮಾಡಿದೆ.

ಬೆಂಗಳೂರಿನಿಂದ ಗುವಾಹಟಿಗೆ ವಿಮಾನ. ಅಲ್ಲಿಂದ ಟ್ಯಾಕ್ಸಿಯಲ್ಲಿ ಅಸ್ಸಾಮಿನ ಭತ್ತದ ಗದ್ದೆ, ಟೀ ತೋಟ ದಾಟಿ ದರಂಗಾ ಎಂಬ ಗಡಿ ಊರು. ಒಂದು ಬಣ್ಣದ ಕಮಾನು ದಾಟಿದರೆ ಸಮದ್ರುಪ್ ಜೋಂಗ್ಖಾರ್, ಭೂತಾನ್. ನಮಗೆ ಪಾಸ್‌ಪೋರ್ಟ್ ಬೇಕಾಗಿಲ್ಲ, ವೋಟರ್ ಐಡಿ ಸಾಕು. ಆದರೆ ಭಾರತೀಯ ಪ್ರವಾಸಿಗರು ತಲೆಗೆ, ರಾತ್ರಿಗೆ 1200 ರೂಪಾಯಿ ಶುಲ್ಕ ಕಟ್ಟಬೇಕು. ಐದು ರಾತ್ರಿಗೆ 6000. ಅಕ್ಕನನ್ನು ನೋಡೋಕೆ ಎಂಟ್ರಿ ಫೀ ಅಂತ ಗೊಣಗಿಕೊಂಡೇ ಕಟ್ಟಿದೆ. ಗಡಿ ದಾಟಿದೊಡನೆ ಮೊಬೈಲ್ ಗಡಿಯಾರ ತಾನಾಗಿ ಅರ್ಧ ಗಂಟೆ ಮುಂದೆ ಜಿಗಿಯಿತು. ದುಡ್ಡು ಬದಲಾಯಿಸುವ ಗೋಜಿಲ್ಲ. ಅವರ ಒಂದು ನ್ಗುಲ್ಟ್ರಮ್ ಅಂದರೆ ನಮ್ಮ ಒಂದು ರೂಪಾಯಿ. ಅಂಗಡಿಯಲ್ಲಿ ನಮ್ಮ ನೋಟು ಕೊಟ್ಟರೆ ಚಿಲ್ಲರೆಯಾಗಿ ಅವರ ನೋಟು ಬರುತ್ತದೆ.

ಸಮದ್ರುಪ್ ಜೋಂಗ್ಖಾರ್ ಬಯಲಿನ ಅಂಚು. ಅಲ್ಲಿಂದ ಟ್ರಾಶಿಗಾಂಗ್‌ಗೆ 180 ಕಿಲೋಮೀಟರ್, ನನ್ನ ಊರು ಸ್ವಲ್ಪ ಮೊದಲೇ ಸಿಗುತ್ತದೆ. "ಮೂರೂವರೆ ಗಂಟೆ ಆಗಬಹುದಾ?" ಅಂತ ಕೇಳಿದ್ದಕ್ಕೆ ನಮ್ಮ ಗೈಡ್ ಕಮ್ ಡ್ರೈವರ್ ನಕ್ಕ. ಏಳು ಗಂಟೆ ಬೇಕಾಯಿತು. ಮೊದಲ ಹತ್ತು ನಿಮಿಷದಲ್ಲೇ ರಸ್ತೆ ಬೆಟ್ಟಕ್ಕೆ ಹತ್ತಿಕೊಳ್ಳುತ್ತದೆ, ಆಮೇಲೆ ಇಳಿಯುವ ಮಾತೇ ಇಲ್ಲ. ಆಗುಂಬೆ ಘಾಟಿಯನ್ನು ಒಂದರ ತುದಿಗೆ ಒಂದು ಅಂಟಿಸಿಕೊಂಡು ಹೋದರೆ ಹೇಗಿರುತ್ತೆ, ಹಾಗೆ. ಡಿಯೋಥಾಂಗ್ ದಾಟಿದ ಮೇಲೆ ಮಂಜು. ವಾಮ್ರೊಂಗ್‌ನಲ್ಲಿ ಚಹಾ. ರಸ್ತೆಯುದ್ದಕ್ಕೂ ನಮ್ಮ ಬಾರ್ಡರ್ ರೋಡ್ಸ್‌ನವರ ಹಳದಿ ಕಲ್ಲುಗಳು. 1961ರಿಂದ 'ದಂತಕ್' ಅನ್ನೋ ಹೆಸರಲ್ಲಿ ಅವರು ಭೂತಾನಿನಲ್ಲಿ ರಸ್ತೆ ಮಾಡುತ್ತಿದ್ದಾರೆ. ಅದಕ್ಕೂ ಮೊದಲು ಇಲ್ಲಿ ಮೋಟಾರು ರಸ್ತೆಯೇ ಇರಲಿಲ್ಲ. 1958ರಲ್ಲಿ ನೆಹರು ಭೂತಾನಿಗೆ ಬಂದಾಗ ಬೆಟ್ಟದ ದಾರಿಯನ್ನು ಕುದುರೆ ಮೇಲೆ, ಕಾಲ್ನಡಿಗೆಯಲ್ಲಿ ದಾಟಿ ಬಂದಿದ್ದರು.

ರಸ್ತೆಯ ಹಿಂದೆಯೇ ಬಂದವರು ಮೇಷ್ಟ್ರುಗಳು. ಇದನ್ನ ಹೇಳಿದ್ದು ನಮ್ಮ ಗೈಡ್. "ನಿಮ್ಮ ಸಿಸ್ಟರ್ ಟೀಚರ್ರಾ? ನಮಗೆ ಇಂಡಿಯಾ ಅಂದ್ರೆ ಮೊದಲು ನೆನಪಾಗೋದೇ ಟೀಚರ್ ಸರ್" ಅಂದ. ಅವನಿಗೆ ಲೆಕ್ಕ ಕಲಿಸಿದವರು ಕೇರಳದವರಂತೆ. ಅವನ ಅಪ್ಪನಿಗೆ ಇಂಗ್ಲಿಷ್ ಕಲಿಸಿದವರೂ ಕೇರಳದವರೇ. ಭೂತಾನಿನ ಮೊದಲ ಆಧುನಿಕ ಶಾಲೆಗಳಲ್ಲಿ ಪಾಠ ನಡೆಯುತ್ತಿದ್ದುದು ಹಿಂದಿಯಲ್ಲಿ, ಯಾಕೆಂದರೆ ಪುಸ್ತಕ ಸಿಗುತ್ತಿದ್ದುದು ಭಾರತದಿಂದ. ಅರವತ್ತರ ದಶಕದಲ್ಲಿ ಮೂರನೆಯ ರಾಜರ ಕಾಲಕ್ಕೆ ಅದು ಇಂಗ್ಲಿಷಿಗೆ ಬದಲಾಯಿತು. ಆಮೇಲೆ ದಶಕಗಳ ಕಾಲ ದಕ್ಷಿಣ ಭಾರತದ ಮೇಷ್ಟ್ರುಗಳು ಟ್ರಂಕು ಹೊತ್ತುಕೊಂಡು ಈ ಬೆಟ್ಟ ಹತ್ತಿದರು. ಕೆಲವರು ರಸ್ತೆ ಮುಗಿದಲ್ಲಿಂದ ಎರಡು ದಿನ, ಮೂರು ದಿನ ನಡೆದು ಶಾಲೆ ಮುಟ್ಟುತ್ತಿದ್ದರಂತೆ. ಗೈಡ್ ತನ್ನ ಲೆಕ್ಕದ ಮೇಷ್ಟ್ರು ಮೂಗಿನಲ್ಲಿ ಮಾತಾಡುತ್ತಿದ್ದ ರೀತಿ ಮಾಡಿ ತೋರಿಸಿದ. ಸ್ಟೀರಿಂಗ್ ಬಿಟ್ಟು ಕೈ ಆಡಿಸಿದಾಗ ನನಗೆ ಜೀವ ಬಾಯಿಗೆ ಬಂತು.

ಖಲಿಂಗ್ ಎಂಬ ಊರಿನಲ್ಲಿ ಕಾರು ನಿಧಾನ ಮಾಡಿ ಒಂದು ಕಟ್ಟಡ ತೋರಿಸಿದ. 1973ರಲ್ಲಿ ಶುರುವಾದ, ಕಣ್ಣು ಕಾಣದ ಮಕ್ಕಳ ಶಾಲೆ. ಹೆಸರು ಮುಯೆನ್‌ಸೆಲ್ಲಿಂಗ್, ಅಂದರೆ ಕತ್ತಲು ಕಳೆದ ಜಾಗ. ನಾವು ನಿಲ್ಲಲಿಲ್ಲ, ಹೊತ್ತಾಗಿತ್ತು. ಮುಂದೆ ಯೋಂಗ್‌ಫುಲಾ ಎಂಬ ಸುಮಾರು 2700 ಮೀಟರ್ ಎತ್ತರದ ಏಣು, ಅದರ ಮೇಲೊಂದು ಪುಟ್ಟ ವಿಮಾನ ನಿಲ್ದಾಣ. ಅಲ್ಲಿಂದ ಇಳಿದರೆ ಕಾಂಗ್ಲುಂಗ್.

ಕಾಂಗ್ಲುಂಗ್ ಅಂದರೆ ಶೆರುಬ್ತ್ಸೆ ಕಾಲೇಜು. ಹುಲ್ಲುಹಾಸು, ಗಡಿಯಾರದ ಗೋಪುರ, ಸಂಜೆ ತಿರುಗಾಡುವ ಹುಡುಗ ಹುಡುಗಿಯರು. ಧಾರವಾಡದ ಕರ್ನಾಟಕ ಕಾಲೇಜಿನ ಆವರಣವನ್ನು ಎತ್ತಿ ಹಿಮಾಲಯದಲ್ಲಿ ಇಟ್ಟ ಹಾಗೆ ಅನ್ನಿಸಿತು. ಇದಕ್ಕೆ ಬುನಾದಿ ಹಾಕಿದವರು ವಿಲಿಯಂ ಮ್ಯಾಕಿ ಎಂಬ ಕೆನಡಾದ ಜೆಸ್ಯೂಟ್ ಪಾದ್ರಿ. 1963ರಲ್ಲಿ, ಡಾರ್ಜಿಲಿಂಗ್ ಕಡೆಯಿಂದ ಅವರನ್ನು ಇಲ್ಲಿಗೆ ಕರೆಸಿಕೊಳ್ಳಲಾಯಿತು. ಷರತ್ತು ಒಂದೇ, ಶಾಲೆ ನಡೆಸಿ, ಮತಾಂತರ ಬೇಡ. ಮನುಷ್ಯ ಒಪ್ಪಿಕೊಂಡು ಬಂದರು. 1968ರಲ್ಲಿ ಕಾಂಗ್ಲುಂಗ್‌ನಲ್ಲಿ ಶಾಲೆ ಶುರುವಾಯಿತು, ಮುಂದೆ ಅದೇ ದೇಶದ ಮೊದಲ ಕಾಲೇಜಾಯಿತು. ಅವರಿಗೆ ಭೂತಾನಿನ ಪೌರತ್ವ ಸಿಕ್ಕಿತು, 1995ರಲ್ಲಿ ಅಲ್ಲೇ ತೀರಿಕೊಂಡರು. ಪಾದ್ರಿಯೊಬ್ಬ ಪ್ರಚಾರ ಮಾಡದೆ ಮೂವತ್ತು ವರ್ಷ ಬರೀ ಪಾಠ ಮಾಡಿಕೊಂಡಿದ್ದ ಅನ್ನೋದನ್ನ ನಾನು ಆ ರಾತ್ರಿ ಗೆಸ್ಟ್ ಹೌಸಿನಲ್ಲಿ ತುಂಬ ಹೊತ್ತು ಯೋಚಿಸಿದೆ. ಬಹುಶಃ ನಿದ್ದೆ ಬರಲಿಲ್ಲ ಅಂತಲೇ.

ಅಕ್ಕನ ಶಾಲೆ ಅಲ್ಲಿಂದ ಸ್ವಲ್ಪ ದೂರ, ಒಂದು ಗುಡ್ಡದ ಹೆಗಲ ಮೇಲೆ. ಹೆಸರು ಬೇಡ. ಸರ್ಕಾರಿ ಹೈಯರ್ ಸೆಕೆಂಡರಿ ಶಾಲೆ, ಬಹುಪಾಲು ಮಕ್ಕಳು ಹಾಸ್ಟೆಲಿನವರು. ಮನೆಗಳು ಅಷ್ಟು ದೂರ.

ಅಕ್ಕ ಕಿರಾ ಉಟ್ಟುಕೊಂಡು ಗೇಟಿನಲ್ಲಿ ನಿಂತಿದ್ದಳು. ಗಂಡಸರಿಗೆ ಮಂಡಿವರೆಗಿನ ಘೋ, ಹೆಂಗಸರಿಗೆ ಕಾಲುದ್ದದ ಕಿರಾ, ಅಲ್ಲಿ ಶಾಲೆ ಕಚೇರಿಗೆಲ್ಲ ಅದೇ ಉಡುಪು. ಇವಳು ವಿದೇಶಿ, ಉಡಬೇಕೆಂದೇನಿರಲಿಲ್ಲ. "ಸೀರೆಗಿಂತ ಬೆಚ್ಚಗಿರತ್ತೆ ಕಣೋ" ಅಂದಳು. ಸಣ್ಣಗಾಗಿದ್ದಳು. ಕೆನ್ನೆ ಕೆಂಪಾಗಿ ಒಡೆದಿತ್ತು.

ಬೆಳಗಿನ ಅಸೆಂಬ್ಲಿ ನೋಡಿದೆ. ಪ್ರಾರ್ಥನೆ, ರಾಷ್ಟ್ರಗೀತೆ, ಒಬ್ಬ ಹುಡುಗನ ಭಾಷಣ, ಆಮೇಲೆ ಎರಡು ನಿಮಿಷ ಕಣ್ಣು ಮುಚ್ಚಿ ಸುಮ್ಮನೆ ನಿಲ್ಲುವುದು. ಈ ದೇಶ ಜಿಡಿಪಿಗಿಂತ ಜನರ ಸಂತೋಷ ಮುಖ್ಯ ಅನ್ನುತ್ತೆ ಅಂತ ನಾವೆಲ್ಲ ಕೇಳಿದೀವಲ್ಲ, ನಾಲ್ಕನೆಯ ರಾಜರ ಮಾತು. 2010ರಿಂದ ಅದನ್ನು ಶಾಲೆಗಳೊಳಕ್ಕೂ ತಂದಿದ್ದಾರೆ. ಈ ಎರಡು ನಿಮಿಷ, ಶಾಲೆಯದೇ ತರಕಾರಿ ತೋಟ, ಕಸ ವಿಂಗಡಣೆ ಎಲ್ಲ ಅದರ ಭಾಗ. ಶಾಲೆಯ ಧ್ಯೇಯವನ್ನು ಆಫೀಸಿನ ಗೋಡೆಗೆ ಇಂಗ್ಲಿಷಿನಲ್ಲಿ ಚಂದ ಬರೆದು ಹಾಕಿದ್ದರು. ನಾನು ಕಾರ್ಪೊರೇಟ್ ಮನುಷ್ಯ, ಗೋಡೆ ಮೇಲಿನ ಧ್ಯೇಯವಾಕ್ಯಗಳ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. "ಇದನ್ನ ಓದಿ ಮರುಳಾಗಿ ಬಂದೆಯಾ?" ಅಂತ ಕೇಳಿದೆ.

"ಬಂದ ಮೇಲೆ ಎಂಟು ತಿಂಗಳವರೆಗೆ ನಾನು ಅದನ್ನ ಓದೇ ಇರಲಿಲ್ಲ" ಅಂದಳು.

ಅವಳು ಬಂದ ಕಥೆ ಅಷ್ಟೇನೂ ಉದಾತ್ತವಲ್ಲ. ಹತ್ತು ವರ್ಷ ಬೆಂಗಳೂರಿನ ಒಂದು ದೊಡ್ಡ ಖಾಸಗಿ ಶಾಲೆಯಲ್ಲಿದ್ದಳು. ಒಂದು ವರ್ಷ ಒಬ್ಬ ಹುಡುಗನ ಪ್ರಾಜೆಕ್ಟ್ ಮಾರ್ಕ್ಸನ್ನು 'ಇನ್ನೊಮ್ಮೆ ನೋಡಿ' ಅಂದರು. ನೋಡಿದಳು, ಅಷ್ಟೇ ಕೊಟ್ಟಳು. ಮತ್ತೊಮ್ಮೆ ನೋಡಿ ಅಂದರು. ಮೂರನೇ ಸಲ ಬದಲಾಯಿಸಿದಳು. ಮನೆಗೆ ಬಂದು ಊಟ ಮಾಡಲಿಲ್ಲ ಅಂತ ಆಗ ಅಮ್ಮ ಹೇಳಿದ್ದು ನನಗೆ ನೆನಪಿದೆ. ಆ ಹೊತ್ತಿಗೆ ಭೂತಾನ್ ಭಾರತದಿಂದ ವಿಜ್ಞಾನ, ಗಣಿತದ ಶಿಕ್ಷಕರನ್ನು ಗುತ್ತಿಗೆ ಮೇಲೆ ಕರೆಯುತ್ತಿದೆ ಅಂತ ಯಾರೋ ಹೇಳಿದರು. ಅರ್ಜಿ ಹಾಕಿದಳು. "ಸುಳ್ಳು ಹೇಳಲ್ಲ, ದುಡ್ಡೂ ಒಂದು ಕಾರಣ. ಅಲ್ಲಿ ಬಾಡಿಗೆಗೇ ಅರ್ಧ ಸಂಬಳ ಹೋಗ್ತಿತ್ತು. ಇಲ್ಲಿ ಉಳಿಯತ್ತೆ."

ಹಾಗಾದರೆ ಉಳಿಸಿಕೊಂಡಿದ್ದು ಯಾವುದು? ಅದು ನನಗೆ ಒಂದು ಥರ್ಮಾಮೀಟರ್ ಕಥೆಯಿಂದ ಗೊತ್ತಾಯಿತು.

ಆ ಶಾಲೆ ಇರೋದು ಸುಮಾರು 2000 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು 100 ಡಿಗ್ರಿಗೆ ಅಲ್ಲ, ಸುಮಾರು 93ಕ್ಕೇ ಕುದಿಯುತ್ತದೆ. ಕುದಿಯಲು ಶುರುವಾದ ಮೇಲೆ ಎಷ್ಟು ಉರಿ ಹಾಕಿದರೂ ಅದಕ್ಕಿಂತ ಬಿಸಿಯಾಗುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ. ಪಠ್ಯದಲ್ಲಿ ಇದು ಒಂದು ಸಾಲು. ಅಕ್ಕ ಒಂದು ದಿನ ಹನ್ನೊಂದನೇ ಕ್ಲಾಸನ್ನು ಹಾಸ್ಟೆಲಿನ ಅಡುಗೆಮನೆಗೆ ಕರಕೊಂಡು ಹೋಗಿ, ರಾಜ್ಮಾ ಬೇಯೋಕೆ ಎಷ್ಟು ಹೊತ್ತು ಅಂತ ಅಡುಗೆಯವನನ್ನ ಕೇಳಿಸಿದಳು. ಅವನು ಗಡಿಯ ಸಮದ್ರುಪ್ ಜೋಂಗ್ಖಾರ್‌ನಲ್ಲಿ ಕೆಲಸ ಮಾಡಿದ್ದವನು. "ಅಲ್ಲಿಗಿಂತ ಇಲ್ಲಿ ತುಂಬ ಹೊತ್ತು ಬೇಕು, ಇಲ್ಲಿನ ಸೌದೆ ಸರಿ ಇಲ್ಲ" ಅಂದ. ಮಕ್ಕಳು ಲ್ಯಾಬಿನ ಥರ್ಮಾಮೀಟರನ್ನು ಕುದಿಯುವ ಪಾತ್ರೆಗೆ ಇಳಿಬಿಟ್ಟರು. 93. ಸೌದೆಯ ಮೇಲಿನ ಆರೋಪ ಬಿದ್ದುಹೋಯಿತು.

ಆ ಕ್ಲಾಸಿನಲ್ಲಿ ಮೆರಾಕ್ ಕಡೆಯ ಒಬ್ಬ ಹುಡುಗನಿದ್ದ. ಮೆರಾಕ್, ಸಕ್ತೆಂಗ್ ಅಂದರೆ ಅದೇ ಜಿಲ್ಲೆಯ ಎತ್ತರದ ಕಣಿವೆಗಳು, ಬ್ರೋಕ್ಪಾ ಎಂಬ ಯಾಕ್ ಸಾಕುವ ಜನರ ಊರು. ಯಾಕ್ ಕೂದಲಿನಿಂದ ಮಾಡಿದ ಕಪ್ಪು ಟೋಪಿ ಹಾಕುತ್ತಾರೆ, ಅದರಿಂದ ಐದು ಜಡೆಯಂಥ ಬಾಲ ಇಳಿಬಿದ್ದಿರುತ್ತವೆ. ಮಳೆ ನೀರು ಮುಖಕ್ಕೆ ಬರದೆ ಆ ಬಾಲಗಳಿಂದ ತೊಟ್ಟಿಕ್ಕಿ ಹೋಗಲಿ ಅಂತ. ನಮ್ಮ ಕಂಬಳಿ ಕೊಪ್ಪೆಯ ದಾಯಾದಿ ಅನ್ನಬಹುದು. ಈ ಹುಡುಗ ಆವರೆಗೆ ಕ್ಲಾಸಿನಲ್ಲಿ ಬಾಯಿ ಬಿಟ್ಟವನೇ ಅಲ್ಲ. ಪಾಠ ಮುಗಿದ ಮೇಲೆ ಹಿಂದೆ ಹಿಂದೆ ಬಂದು, "ಮ್ಯಾಡಮ್, ನಮ್ಮ ಮನೆಯಲ್ಲಿ ಎಷ್ಟು ಬರುತ್ತೆ?" ಅಂತ ಕೇಳಿದ. ಲೆಕ್ಕ ಹಾಕು ಅಂದಳು. ಹಾಕಿದ. ನೋಡಿಯೇ ಬರುತ್ತೇನೆ, ಥರ್ಮಾಮೀಟರ್ ಕೊಡಿ ಅಂದ.

ಶಾಲೆಯಲ್ಲಿದ್ದುದು ನಾಲ್ಕೇ ಗಾಜಿನ ಥರ್ಮಾಮೀಟರ್. ಜುಲೈನ ಸಣ್ಣ ರಜೆಗೆ ಒಂದನ್ನು ಕೊಟ್ಟು ಕಳಿಸಿದಳು. ಅವನು ಅದನ್ನು ಕಾಲುಚೀಲದಲ್ಲಿ ಸುತ್ತಿ, ಘೋದ ಎದೆಯ ಜೋಳಿಗೆಯಲ್ಲಿ ಇಟ್ಟುಕೊಂಡು ಹೋದ. ಘೋ ಸೊಂಟಕ್ಕೆ ಬಿಗಿದಾಗ ಎದೆಯ ಮೇಲೆ ಒಂದು ದೊಡ್ಡ ಕಿಸೆಯಾಗುತ್ತದೆ, ಅಲ್ಲಿಯವರ ಸಂಸಾರವೆಲ್ಲ ಅದರಲ್ಲಿ. ರಜೆ ಮುಗಿದ ದಿನ ಎಲ್ಲರಿಗಿಂತ ಮೊದಲು ಲ್ಯಾಬಿಗೆ ಬಂದು ಟೇಬಲ್ ಮೇಲೆ ಇಟ್ಟ. ಜೊತೆಗೆ ನೋಟ್‌ಬುಕ್ಕಿನ ಹಾಳೆ. ಮೂರು ದಿನ, ಮೂರು ಸಲ, 88, 88, 88.5. ಕೆಳಗೆ ಒಂದು ಸಾಲು ಬರೆದಿದ್ದ. ಮೂರನೇ ದಿನ ಅಮ್ಮ ನೀರಿಗೆ ಉಪ್ಪು ಹಾಕಿರಬಹುದು ಅಂತ ಅನುಮಾನ.

ಆ ಹಾಳೆಯನ್ನು ಅಕ್ಕ ಡ್ರಾಯರಿನಿಂದ ತೆಗೆದು ತೋರಿಸಿದಳು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದಾಳೆ. "ಬೆಂಗಳೂರಲ್ಲಿ ಪ್ರಾಜೆಕ್ಟ್ ಅಂದ್ರೆ ಅಂಗಡಿಯಿಂದ ಮಾಡಿಸಿ ತರೋದು. ಇವನ ಹಾಳೆ ನೋಡು" ಅಂದಳು. ನಾನು ಏನೂ ಹೇಳಲಿಲ್ಲ. ನಾನು ಬಂದಿದ್ದ ಕೆಲಸ ಬೇರೆ.

ಅಲ್ಲಿನ ಸಂಜೆಗಳ ಬಗ್ಗೆ ಹೇಳಬೇಕು. ನಾಲ್ಕು ಗಂಟೆಗೆ ಶಾಲೆ ಬಿಟ್ಟರೆ ಟೀಚರ ಕೆಲಸ ಮುಗಿಯುವುದಿಲ್ಲ. ತೋಟದ ಕೆಲಸ, ಆಟ, ಸಂಜೆ ಪ್ರಾರ್ಥನೆ, ಊಟ, ಆಮೇಲೆ ರಾತ್ರಿ ಓದು. ಸರದಿ ಮೇಲೆ ಒಬ್ಬರು ಡ್ಯೂಟಿ ಟೀಚರ್. ಅವತ್ತು ಅಕ್ಕನ ಸರದಿ. ಅವಳ ಹಿಂದೆ ನಾನೂ ಮೆಸ್ಸಿಗೆ ಹೋದೆ. ಜೋಳದ ನುಚ್ಚು ಬೆರೆಸಿದ ಅನ್ನ, ಅದಕ್ಕೆ ಖರಾಂಗ್ ಅಂತಾರೆ, ಜೊತೆಗೆ ತೆಳ್ಳಗಿನ ಬೇಳೆ ಮತ್ತು ಎಮಾ ದತ್ಸಿ. ಅಂದರೆ ಮೆಣಸಿನಕಾಯಿ ಮತ್ತು ಚೀಸ್. ಮೆಣಸಿನಕಾಯಿ ಅಲ್ಲಿ ಮಸಾಲೆಯಲ್ಲ, ಅದೇ ತರಕಾರಿ. ನಾನು ಎರಡು ತುತ್ತಿಗೆ ಕಣ್ಣೀರಿಟ್ಟಿದ್ದು ನೋಡಿ ಒಂದು ಸಾಲು ಹುಡುಗಿಯರು ನಕ್ಕು ನಕ್ಕು ಸುಸ್ತಾದರು.

ರಾತ್ರಿ ಓದಿನ ಹೊತ್ತಿಗೆ ಒಬ್ಬಳಿಗೆ ಜ್ವರ. ಅಕ್ಕ ಹಣೆ ಮುಟ್ಟಿ ನೋಡಿ, ಮನೆಯ ಭಾಷೆಯಲ್ಲಿ ಎರಡು ಮಾತು ಹೇಳಿದಳು. ಅಲ್ಲಿ ಪೂರ್ವದ ಮಕ್ಕಳ ಮನೆಮಾತು ತ್ಸಾಂಗ್ಲಾ, ಶಾಲೆಯಲ್ಲಿ ಕಲಿಯೋದು ಜೊಂಗ್ಖಾ ಮತ್ತು ಇಂಗ್ಲಿಷ್. ತುಳುವೋ ಕೊಡವವೋ ಆಡುವ ಮಗು ಶಾಲೆಯಲ್ಲಿ ಬೇರೆರಡು ಭಾಷೆ ಕಲಿಯುವ ಹಾಗೆ. ಇವಳು ಹರಕುಮುರುಕು ಕಲಿತಿದ್ದಾಳೆ. ಅಪ್ಪನಿಗೆ ಅವರೂ 'ಅಪಾ' ಅನ್ನುತ್ತಾರೆ, ಅಮ್ಮನಿಗೆ 'ಅಮಾ'. "ಮೊದಲ ದಿನ ಯಾವುದೋ ಮಗು ಫೋನಿನಲ್ಲಿ ಅಪಾ ಅಂತ ಅತ್ತಿದ್ದು ಕೇಳಿ ನಾನೂ ಅತ್ತಿದ್ದೆ" ಅಂದಳು.

ನಾನು ಕಾಯುತ್ತಿದ್ದ ಮಾತು ಅದೇ. ಅವಳ ಕ್ವಾರ್ಟರ್ಸಿನಲ್ಲಿ ಸೌದೆ ಒಲೆ ಹಚ್ಚಿ ಕೂತಾಗ ಶುರು ಮಾಡಿದೆ.

"ಇಲ್ಲಿನ ಮಕ್ಕಳ ಅಪ್ಪಂದಿರ ವಿಷಯ ಆಯ್ತು. ನಮ್ಮಪ್ಪ?"

ಅವಳು ಸೌದೆ ಸರಿ ಮಾಡಿದಳು. ನಾನು ಎಲ್ಲವನ್ನೂ ಹೇಳಿದೆ. ಬಚ್ಚಲ ಗೋಡೆ, ಒಂದು ಗಂಟೆ, ಪಕ್ಕದ ಮನೆಯವರ ಮಾತು. ನಮ್ಮೂರಲ್ಲಿ ಮಕ್ಕಳಿಲ್ವಾ, ಅವರಿಗೆ ಫಿಸಿಕ್ಸ್ ಬೇಡ್ವಾ ಅಂತಲೂ ಕೇಳಿದೆ. ಆ ಪ್ರಶ್ನೆಯನ್ನು ವಿಮಾನದಲ್ಲೇ ತಯಾರು ಮಾಡಿಕೊಂಡಿದ್ದೆ.

"ನೀನು ಬೆಂಗಳೂರಲ್ಲಿದೀಯ. ಅಪ್ಪನ ಮನೆಗೆ ಒಂದು ರಾತ್ರಿ ಬಸ್ಸು. ಈ ವರ್ಷ ಬೀಳೋಕೆ ಮುಂಚೆ ಎಷ್ಟು ಸಲ ಹೋಗಿದ್ದೆ?"

ಎರಡು ಸಲ. ಯುಗಾದಿಗೆ ಒಮ್ಮೆ, ಅಮ್ಮನ ವರ್ಷಾಬ್ದಿಕಕ್ಕೆ ಒಮ್ಮೆ.

"ಮಗ ಇರುವಾಗ ಮಗಳನ್ನ ಕರೆಯೋಕೆ 6000 ಕಟ್ಟಿ ಬಂದಿದೀಯ" ಅಂದಳು. ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ನಾನು ಉತ್ತರ ಕೊಡುತ್ತಿದ್ದೆ.

ಸ್ವಲ್ಪ ಹೊತ್ತಾದ ಮೇಲೆ ಅವಳೇ ಶುರು ಮಾಡಿದಳು. ಊರಿನ ಸರ್ಕಾರಿ ಶಾಲೆಗೆ ಅವಳು ಪ್ರಯತ್ನ ಪಡದೇ ಇಲ್ಲ. ನೇಮಕಾತಿಗೆ ಕಾದಳು, ಪರೀಕ್ಷೆ ಬರೆದಳು, ಪಟ್ಟಿಗೆ ಕಾದಳು, ವಯಸ್ಸಾಯಿತು. ಅತಿಥಿ ಶಿಕ್ಷಕಿಯಾಗಿ ಒಂದು ವರ್ಷ ಹೋಗಿದ್ದಳು. ಸಂಬಳ ಬಂದಾಗ ಬಂತು, ಮಾರ್ಚಿಗೆ ಕೆಲಸ ಮುಗಿಯಿತು. "ನಮ್ಮೂರಲ್ಲಿ ನನ್ನನ್ನ ಯಾರೂ ಕರೀಲಿಲ್ಲ ಕಣೋ. ಇವರು ಕರೆದ್ರು."

ಇವರು ಕರೆದದ್ದಕ್ಕೂ ಒಂದು ಕಾರಣ ಇದೆ, ಅದು ಸಂತೋಷದ ಕಾರಣವಲ್ಲ. 2019ರಲ್ಲಿ ಭೂತಾನ್ ತನ್ನ ಶಿಕ್ಷಕರ ಸಂಬಳವನ್ನು ಬೇರೆ ಸರ್ಕಾರಿ ನೌಕರರಿಗಿಂತ ಮೇಲಕ್ಕೇರಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಆದರೂ ಕೋವಿಡ್ ನಂತರ ಆ ದೇಶದ ಯುವಜನ ಗುಂಪು ಗುಂಪಾಗಿ ಆಸ್ಟ್ರೇಲಿಯಾಕ್ಕೆ, ಅದರಲ್ಲೂ ಪರ್ತ್‌ಗೆ ಹೊರಟರು. ಅದರಲ್ಲಿ ಟೀಚರುಗಳೂ ಬಹಳ. ಅಕ್ಕನಿಗಿಂತ ಮೊದಲು ಇಲ್ಲಿ ಫಿಸಿಕ್ಸ್ ಹೇಳುತ್ತಿದ್ದವರು ಈಗ ಪರ್ತ್‌ನಲ್ಲಿ ವೃದ್ಧಾಶ್ರಮವೊಂದರಲ್ಲಿ ಕೆಲಸ ಮಾಡುತ್ತಾರಂತೆ. ಒಳ್ಳೆಯ ಟೀಚರ್, ಅವರ ಬೀಳ್ಕೊಡುಗೆಗೆ ಇಡೀ ಶಾಲೆ ಅತ್ತಿತ್ತು ಅಂತ ಮಕ್ಕಳು ಹೇಳಿದ್ದಾರೆ. ಅವರು ಯಾರದೋ ಅಪ್ಪನನ್ನು ಅಲ್ಲಿ ನೋಡಿಕೊಳ್ಳುತ್ತಿದ್ದಾರೆ, ಅವರ ಕ್ಲಾಸನ್ನು ಇಲ್ಲಿ ಇವಳು ನೋಡಿಕೊಳ್ಳುತ್ತಿದ್ದಾಳೆ, ನಮ್ಮಪ್ಪನನ್ನು ಬೆಳಿಗ್ಗೆ ಏಳೂವರೆಗೆ ಬರುವ ಹೆಂಗಸು. ಇದನ್ನು ಅಕ್ಕನೇ ಹೇಳಿದ್ದು, ನಾನಲ್ಲ. "ನಾನು ಯೋಚನೆ ಮಾಡಿಲ್ಲ ಅಂದುಕೊಂಡ್ಯಾ?"

ಮರುದಿನ ವಿಜಯದಶಮಿ. ಅಲ್ಲೂ ಒಂದು ದಿನ ಸರ್ಕಾರಿ ರಜೆ, ದಕ್ಷಿಣ ಭೂತಾನಿನ ನೇಪಾಳಿ ಭಾಷಿಕರ ದಸೈನ್ ಹಬ್ಬಕ್ಕೆ. ನನಗೆ ಖುಷಿಯಾಯಿತು, ಅಕ್ಕ ಸುಮ್ಮನಿದ್ದಳು. ಆಮೇಲೆ ನಡೆಯುತ್ತಾ ಹೇಳಿದಳು. ತೊಂಬತ್ತರ ಆಸುಪಾಸಿನಲ್ಲಿ ಅದೇ ನೇಪಾಳಿ ಭಾಷಿಕರಲ್ಲಿ ಲಕ್ಷದಷ್ಟು ಜನ ದೇಶದಿಂದ ಹೊರಬಿದ್ದು ನೇಪಾಳದ ನಿರಾಶ್ರಿತ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದರು, ಆಮೇಲೆ ಬಹುಪಾಲು ಮಂದಿ ಅಮೆರಿಕಕ್ಕೆ ಹೋಗಿ ನೆಲೆಸಿದರು. ಆ ದಿನಗಳಲ್ಲೇ ಶಾಲೆಗಳಲ್ಲಿ ನೇಪಾಳಿ ಕಲಿಸುವುದು ನಿಂತುಹೋಯಿತು. ಭೂತಾನ್ ಅಂದರೆ ಸಂತೋಷ ಅಂತ ರೀಲ್ಸ್ ಮಾಡುವ ನಮಗೆ ಇದು ಗೊತ್ತಿರುವುದಿಲ್ಲ. ಅವಳಿಗೂ ಬರುವ ಮೊದಲು ಗೊತ್ತಿರಲಿಲ್ಲ. "ಗೊತ್ತಾದ ಮೇಲೂ ಇದೀಯಲ್ಲ" ಅಂದೆ. "ಮಕ್ಕಳು ಏನು ಮಾಡಿದ್ದಾರೆ?" ಅಂದಳು. ಆ ಉತ್ತರ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಅವಳಿಗೂ ಆದ ಹಾಗೆ ಕಾಣಲಿಲ್ಲ.

ರಜೆಯಿದ್ದುದರಿಂದ ಟ್ರಾಶಿಗಾಂಗ್ ನೋಡಿ ಬಂದೆವು. ನದಿಗಳ ಸಂಗಮದ ಮೇಲೆ, ಬಂಡೆಯ ಮೂಗಿನ ತುದಿಯಲ್ಲಿ ಕೂತ ಹದಿನೇಳನೆಯ ಶತಮಾನದ ಕೋಟೆ. ಚೆನ್ನಾಗಿದೆ. ಫೋಟೋ ತೆಗೆದೆ. ಆದರೆ ನನಗೆ ನೆನಪಿರುವುದು ಕೋಟೆಯಲ್ಲ, ವಾಪಸ್ ಬರುವಾಗ ಕಾರಿನಲ್ಲಿ ಅಕ್ಕ ಕೇಳಿದ ಪ್ರಶ್ನೆ.

"ನಿಂಗೆ ಕ್ವಾರ್ಟರ್ಸ್ ನೆನಪಿದೆಯಾ?"

ಅಪ್ಪ ಹೊಸನಗರದ ಕಡೆ ಒಂದು ಒಳಹಳ್ಳಿಯಲ್ಲಿ ಆರು ವರ್ಷ ಮೇಷ್ಟ್ರಾಗಿದ್ದರು. ಏಕೋಪಾಧ್ಯಾಯ ಶಾಲೆ. ನಾನಾಗ ಮೂರು ನಾಲ್ಕು ವರ್ಷದವನು, ಕೆಸರಿನ ವಾಸನೆ ಬಿಟ್ಟರೆ ಏನೂ ನೆನಪಿಲ್ಲ. ಅಕ್ಕನಿಗೆ ಒಂಬತ್ತು. ಅವಳಿಗೆ ಎಲ್ಲ ನೆನಪಿದೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆಚೆ ದಡದ ಮಕ್ಕಳು ಮನೆಗೆ ಹೋಗೋಕಾಗದೆ ನಮ್ಮ ಜಗಲಿಯಲ್ಲೇ ಮಲಗುತ್ತಿದ್ದರಂತೆ. ಒಮ್ಮೆ ಹನ್ನೊಂದು ಮಕ್ಕಳು, ಮೂರು ರಾತ್ರಿ. ಅಮ್ಮ ಗಂಜಿ ಬೇಯಿಸಿ ಹಾಕಿದ್ದಳು, ಹಲಸಿನ ಹಪ್ಪಳ ಸುಟ್ಟಿದ್ದಳು. ಅಪ್ಪ ಲಾಟೀನು ಇಟ್ಟುಕೊಂಡು ರಾತ್ರಿ ಹತ್ತರವರೆಗೆ ಮಗ್ಗಿ ಹೇಳಿಸಿದ್ದರು. "ನಂಗೆ ಹೊಟ್ಟೆಕಿಚ್ಚಾಗ್ತಿತ್ತು. ನನ್ನ ಚಾದರ ತೆಗೆದು ಅವರಿಗೆ ಕೊಟ್ಟುಬಿಟ್ಟಿದ್ರು ಅಪ್ಪ" ಅಂದಳು.

ಅಷ್ಟೇ ಹೇಳಿದ್ದು. ಕಿಟಕಿಯಾಚೆ ಜೋಳದ ತೆನೆಗಳನ್ನು ಜಡೆ ಹೆಣೆದು ಮನೆಗಳ ಮುಂದೆ ನೇತುಹಾಕಿದ್ದರು. ಗೈಡ್ ಯಾವುದೋ ಹಾಡು ಹಾಕಿದ್ದ.

ಹೊರಡುವ ಬೆಳಿಗ್ಗೆ ಆರು ಗಂಟೆಗೇ ಆ ಮೆರಾಕ್ ಹುಡುಗ ಗೇಟಿನಲ್ಲಿದ್ದ. ಈಗವನು ಹನ್ನೆರಡನೇ ಕ್ಲಾಸು, ಡಿಸೆಂಬರಿಗೆ ಬೋರ್ಡ್ ಪರೀಕ್ಷೆ. ಒಂದು ಪೊಟ್ಟಣ ಕೊಟ್ಟ. ಒಣಗಿಸಿದ ಯಾಕ್ ಚೀಸ್, ಕಲ್ಲಿನಂಥ ಗಟ್ಟಿ ತುಂಡುಗಳು, ಮಡದ ಅಪ್ಪನಿಗೆ ಅಂದ. ಮ್ಯಾಡಮ್ ಅನ್ನೋದು ಅಲ್ಲಿ 'ಮಡ' ಆಗುತ್ತದೆ ಅವಸರದಲ್ಲಿ. ಮುಂದೆ ಏನು ಓದ್ತೀಯ ಅಂತ ಕೇಳಿದೆ. "ಎಂಜಿನಿಯರಿಂಗ್ ಸರ್. ಆಮೇಲೆ ಆಸ್ಟ್ರೇಲಿಯಾ." ಅಕ್ಕ ಪಕ್ಕದಲ್ಲೇ ಇದ್ದಳು. ಅವನ ಘೋದ ಕಾಲರ್ ಸರಿ ಮಾಡಿ, ಓದು ಹೋಗು ಅಂದಳು.

ಅವಳನ್ನು ಕರಕೊಂಡು ಬರಲಿಲ್ಲ ಅಂತ ಬೇರೆ ಹೇಳಬೇಕಿಲ್ಲ. ಅವಳು ಎರಡು ವರ್ಷಕ್ಕೆ ಅಲ್ಲ, ಒಂದು ವರ್ಷಕ್ಕೆ ಮಾತ್ರ ಒಪ್ಪಿಕೊಂಡಿದ್ದಾಳೆ. ಡಿಸೆಂಬರ್ ಮಧ್ಯದಿಂದ ಫೆಬ್ರವರಿವರೆಗೆ ಅಲ್ಲಿ ಚಳಿಗಾಲದ ದೊಡ್ಡ ರಜೆ, ಆಗ ಊರಿನಲ್ಲಿರುತ್ತಾಳೆ. ಮಿಕ್ಕ ತಿಂಗಳು ಹದಿನೈದು ದಿನಕ್ಕೊಮ್ಮೆ ಶುಕ್ರವಾರದ ರಾತ್ರಿ ಬಸ್ಸು ನನ್ನದು. ಮೂರು ಸಲ ಹೋಗಿದ್ದೇನೆ, ಒಂದು ಸಲ ರಿಲೀಸ್ ಇತ್ತು, ತಪ್ಪಿತು. ಬಚ್ಚಲಿಗೆ ಹಿಡಿಕೆ ಹಾಕಿಸಿದ್ದೇನೆ.

ಊರಿಗೆ ಹೋದ ಮೊದಲ ದಿನ ಅಪ್ಪನಿಗೆ ಎಲ್ಲ ಹೇಳಿದೆ. ರಸ್ತೆ, ಕೋಟೆ, ಮೆಣಸಿನಕಾಯಿ ಪಲ್ಯ. ಅಷ್ಟೇನೂ ಆಸಕ್ತಿ ತೋರಿಸಲಿಲ್ಲ. ಥರ್ಮಾಮೀಟರ್ ಕಥೆ ಬಂದಾಗ ಮಾತ್ರ ಪತ್ರಿಕೆ ಮಡಚಿಟ್ಟರು.

"ಒಡೀದೆ ತಂದನಾ?"

"ತಂದ."

"ಎಷ್ಟು ದೂರ ನಡೆದು?"

ಅದನ್ನು ನಾನು ಕೇಳಿಯೇ ಇರಲಿಲ್ಲ. ಅಪ್ಪ ಪ್ಲಾಸ್ಟರ್ ಹಾಕಿದ ಕೈಯನ್ನು ಕುರ್ಚಿಯ ಮೇಲೆ ಸರಿ ಮಾಡಿಕೊಂಡು, "ಅವಳಿಗೆ ಫೋನ್ ಹಚ್ಚು" ಅಂದರು. ಇಬ್ಬರೂ ಮುಕ್ಕಾಲು ಗಂಟೆ ಮಾತಾಡಿದರು. ನಾನು ಆ ಚೀಸ್ ತುಂಡುಗಳನ್ನು ನೀರಿಗೆ ಹಾಕಿ ಕುದಿಸಲು ಇಟ್ಟೆ. ಎಷ್ಟು ಹೊತ್ತಾದರೂ ಮೆತ್ತಗಾಗಲಿಲ್ಲ. ಅದನ್ನು ಬೇಯಿಸುವುದಲ್ಲ, ಗಂಟೆಗಟ್ಟಲೆ ಬಾಯಲ್ಲಿಟ್ಟುಕೊಂಡು ಚೀಪುವುದು ಅಂತ ಅಕ್ಕ ಆಮೇಲೆ ಹೇಳಿದಳು.